ದೀನಾ ಪಾಠಕ್: ಪೋಷಕ ಪಾತ್ರಗಳಿಗೆ ಘನತೆ ತಂದ ಕಲಾವಿದೆ

ಹೃಷಿಕೇಶ್ ಮುಖರ್ಜಿ ನಿರ್ದೇಶನದ ‘ಗೋಲ್‌ಮಾಲ್’ (1979) ಚಿತ್ರವನ್ನು ನೋಡಿದವರು ಕಿಟಕಿ ಹತ್ತಿ ಮನೆಯೊಳಗೆ ಬರುವ ತಾಯಿಯನ್ನು ಮರೆತಿರಲಾರರು. ಮುಂಬಾಗಿಲಲ್ಲಿ ಮಗನ ಯಜಮಾನ ಬಂದು ನಿಂತಿದ್ದಾನೆ. ಇಲ್ಲದ ತಾಯಿಯನ್ನು ಅವನಿಗೆ ತೋರಿಸಬೇಕಾಗಿದೆ. ತಾಯಿಯ ವೇಷ ಹಾಕಲು ಒಪ್ಪಿಕೊಂಡ ಸಿರಿವಂತ ಮಹಿಳೆ ಸೀರೆಯ ಸೆರಗು ಸರಿಪಡಿಸಿಕೊಳ್ಳುತ್ತ ಕ್ಷಣಾರ್ಧದಲ್ಲಿ ಬಡ ವಿಧವೆಯಾಗಿ ಬದಲಾಗುತ್ತಾರೆ. ಚಿತ್ರದ ನಾಯಕ ಅಮೋಲ್ ಪಾಲೇಕರ್, ಯಜಮಾನನ ಪಾತ್ರದಲ್ಲಿ ಉತ್ಪಲ್ ದತ್. ಇಬ್ಬರ ನಡುವೆ ಕೆಲವೇ ದೃಶ್ಯಗಳಲ್ಲಿ ಬಂದು ಹೋಗುವ ಆ ತಾಯಿಯ ಪಾತ್ರ ಮಾಡಿದವರು ದೀನಾ ಪಾಠಕ್.

ಹಿಂದಿ ಚಿತ್ರಗಳ ಪ್ರೇಕ್ಷಕರು ಅವರನ್ನು ತಾಯಿಯಾಗಿ, ಅತ್ತೆಯಾಗಿ, ಅಜ್ಜಿಯಾಗಿ ಮಾತ್ರ ಕಂಡರು. ಆದರೆ ಗುಜರಾತಿನ ರಂಗಭೂಮಿಯಲ್ಲಿ ಅವರು ನಾಯಕಿಯಾಗಿದ್ದವರು, ನಾಟಕ ಆಡಿಸಿದವರು, ರಂಗತಂಡ ಕಟ್ಟಿದವರು. ಸಿನಿಮಾ ಮತ್ತು ದೂರದರ್ಶನದಲ್ಲಿ ಅವರು ಮಾಡಿದ ಚಿಕ್ಕ ಪಾತ್ರಗಳು ಅಷ್ಟೊಂದು ಕಾಲ ನೆನಪಿನಲ್ಲಿ ಉಳಿಯಲು ಕಾರಣ ಅದಕ್ಕೂ ಮೊದಲಿನ ಎರಡು ದಶಕಗಳ ರಂಗಭೂಮಿಯ ದುಡಿಮೆಯಲ್ಲಿದೆ.

ಗಾಂಧಿ ಮನೆತನದ ಸಹೋದರಿಯರು

ದೀನಾ ಅವರು 1922ರ ಮಾರ್ಚ್ 4ರಂದು ಗುಜರಾತಿನ ಸೌರಾಷ್ಟ್ರ ಭಾಗದ ಅಮ್ರೇಲಿಯಲ್ಲಿ ಜನಿಸಿದರು. ಹುಟ್ಟಿದ ಮನೆತನದ ಹೆಸರು ಗಾಂಧಿ. ಮದುವೆಗೆ ಮುಂಚೆ ಅವರು ದೀನಾ ಗಾಂಧಿ ಎಂದೇ ಪರಿಚಿತರು.

ಅಕ್ಕ ಶಾಂತಾ ಗಾಂಧಿ, ತಂಗಿ ತರಲಾ ಮೆಹ್ತಾ. ಮೂವರೂ ರಂಗಭೂಮಿಗೆ ಬಂದರು. ಶಾಂತಾ ಅವರು ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಪಾಠ ಹೇಳಿದರು, ಆ ಸಂಸ್ಥೆಯ ಅಧ್ಯಕ್ಷರೂ ಆದರು. ತರಲಾ ಅವರು ನಟಿಯಾಗಿ ಹೆಸರು ಮಾಡಿದ್ದಲ್ಲದೆ ಪ್ರಾಚೀನ ಭಾರತದ ಸಂಸ್ಕೃತ ನಾಟಕ ಪ್ರಯೋಗದ ಕುರಿತು ವಿದ್ವತ್‌ಪೂರ್ಣ ಗ್ರಂಥ ಬರೆದರು. ರಿಚರ್ಡ್ ಅಟೆನ್‌ಬರೋ ಅವರ ‘ಗಾಂಧಿ’ ಚಿತ್ರದಲ್ಲಿ ಸರೋಜಿನಿ ನಾಯ್ಡು ಅವರ ಪಾತ್ರ ಮಾಡಿದವರು ಇವರೇ. ಗೌರವಸ್ಥ ಮನೆಯ ಹೆಣ್ಣುಮಕ್ಕಳು ರಂಗಕ್ಕೆ ಹತ್ತುವುದನ್ನು ಸಮಾಜ ಸುಲಭವಾಗಿ ಒಪ್ಪದಿದ್ದ ಕಾಲದಲ್ಲಿ ಒಂದೇ ಮನೆಯ ಮೂವರು ಸಹೋದರಿಯರು ಹೀಗೆ ಕಲೆಯನ್ನು ಆರಿಸಿಕೊಂಡದ್ದು ವಿಶೇಷ.

ದೀನಾ ಅವರು ಹದಿಹರೆಯದಲ್ಲಿಯೇ ನಾಟಕಗಳಲ್ಲಿ ಅಭಿನಯಿಸತೊಡಗಿದರು. ಮುಂಬೈ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನಲ್ಲಿ ಪದವಿ ಪಡೆದರು. ರಸಿಕಲಾಲ್ ಪರೀಖ್ ಅವರಿಂದ ಅಭಿನಯವನ್ನೂ ಶಾಂತಿ ಬರ್ಧನ್ ಅವರಿಂದ ನೃತ್ಯವನ್ನೂ ಕಲಿತರು.

ಅದು ಸ್ವಾತಂತ್ರ್ಯ ಚಳವಳಿಯ ಕಾಲ. ವಿದ್ಯಾರ್ಥಿಗಳ ಹೋರಾಟದಲ್ಲಿ ದೀನಾ ಮುಂದೆ ನಿಂತರು. 1943ರಲ್ಲಿ ಮುಂಬೈಯಲ್ಲಿ ಭಾರತೀಯ ಜನನಾಟ್ಯ ಸಂಘ, ಅಂದರೆ ‘ಇಪ್ಟಾ’ ಸ್ಥಾಪನೆಯಾಯಿತು. ಬಂಗಾಳದಲ್ಲಿ ಬರಗಾಲ ಲಕ್ಷಾಂತರ ಜನರ ಪ್ರಾಣ ತೆಗೆಯುತ್ತಿದ್ದ ವರ್ಷವದು. ನಾಟಕವನ್ನು ಸಭಾಗೃಹದಿಂದ ಹೊರತಂದು ಜನರ ನಡುವೆ ಆಡಬೇಕೆಂಬುದು ಸಂಘದ ಗುರಿಯಾಗಿತ್ತು. ಗಾಂಧಿ ಸಹೋದರಿಯರು ಅದರಲ್ಲಿ ಸಕ್ರಿಯರಾದರು. ಬ್ರಿಟಿಷ್ ಆಳ್ವಿಕೆಯ ಅನ್ಯಾಯವನ್ನು ಓದು ಬರಹ ಬಾರದ ಜನರಿಗೂ ಮುಟ್ಟಿಸಲು ಅವರು ಬಳಸಿಕೊಂಡದ್ದು ಗುಜರಾತಿನ ಹಳ್ಳಿಗಳ ಹಳೆಯ ಆಟವಾದ ಭವಾಯಿಯನ್ನು.

ಭವಾಯಿ ಎಂಬ ಪಾಠಶಾಲೆ

ನಮ್ಮ ಉತ್ತರ ಕರ್ನಾಟಕದ ಸಣ್ಣಾಟವನ್ನು ಬಲ್ಲವರಿಗೆ ಭವಾಯಿಯ ಸ್ವರೂಪ ಬೇಗ ಅರ್ಥವಾಗುತ್ತದೆ. ಎತ್ತರದ ರಂಗಮಂಚವಿಲ್ಲ, ಪರದೆಯಿಲ್ಲ. ಬಯಲಿನಲ್ಲಿ ಜನ ಸುತ್ತ ಕುಳಿತರೆ ನಡುವಣ ಜಾಗವೇ ರಂಗ. ಭುಂಗಳ ಎಂಬ ಉದ್ದನೆಯ ತಾಮ್ರದ ಕಹಳೆ ಮೊಳಗಿದರೆ ಆಟ ಶುರು. ತಂಡದ ಮುಖ್ಯಸ್ಥನಿಗೆ ನಾಯಕ ಎಂದು ಹೆಸರು. ರಂಗಲೋ ಎಂಬ ಹಾಸ್ಯಗಾರ ನಗಿಸುತ್ತಲೇ ಊರಿನ ದೊಡ್ಡವರ ತಪ್ಪುಗಳನ್ನು ಎತ್ತಿ ಆಡುತ್ತಾನೆ. ಪ್ರತಿಯೊಂದು ಪ್ರಸಂಗಕ್ಕೆ ವೇಷ ಎನ್ನುತ್ತಾರೆ. ಅಂಬಾ ದೇವಿಯ ಆರಾಧನೆಯೊಂದಿಗೆ ಈ ಆಟ ಬೆಸೆದುಕೊಂಡಿದೆ.

ಭವಾಯಿಯ ಮೂಲಪುರುಷ 14ನೆಯ ಶತಮಾನದ ಅಸೈತ ಠಾಕರ್. ಅವನ ಕುರಿತ ಐತಿಹ್ಯ ಗುಜರಾತಿನಲ್ಲಿ ಮನೆಮಾತು. ಅಸೈತ ಒಬ್ಬ ಬ್ರಾಹ್ಮಣ. ಊಂಝಾ ಗ್ರಾಮದ ಪಟೇಲನ ಮಗಳನ್ನು ಒಬ್ಬ ಸರದಾರ ಹೊತ್ತೊಯ್ದ. ಅಸೈತ ಅವನ ಬಳಿಗೆ ಹೋಗಿ ಆಕೆ ತನ್ನ ಮಗಳೆಂದು ಹೇಳಿ ಬಿಡಿಸಿಕೊಳ್ಳಲು ನೋಡಿದ. ಅದು ನಿಜವಾದರೆ ಆಕೆಯೊಂದಿಗೆ ಒಂದೇ ತಟ್ಟೆಯಲ್ಲಿ ಉಣ್ಣಬೇಕೆಂದು ಸರದಾರ ಪರೀಕ್ಷೆಯೊಡ್ಡಿದ. ಅಸೈತ ಹಿಂದೆಮುಂದೆ ನೋಡದೆ ಉಂಡ. ಹುಡುಗಿ ಬಿಡುಗಡೆಯಾದಳು. ಅಸೈತನನ್ನು ಮಾತ್ರ ಸ್ವಜಾತಿಯವರು ಹೊರಗಿಟ್ಟರು. ಆಮೇಲೆ ಅವನು ಮಕ್ಕಳೊಂದಿಗೆ ಊರೂರು ತಿರುಗಿ ಆಟ ಕಟ್ಟಿ ಬದುಕಿದ. ಅವನು 360 ವೇಷಗಳನ್ನು ರಚಿಸಿದನೆಂದು ಪರಂಪರೆ ಹೇಳುತ್ತದೆ.

ಪರರ ಮಗಳನ್ನು ತನ್ನ ಮಗಳೆಂದು ಹೇಳಿ ಕಾಪಾಡಿದವನಿಂದ ಹುಟ್ಟಿದ ಈ ಕಲೆಯಲ್ಲಿ ಹೆಣ್ಣಿನ ವೇಷ ಕಟ್ಟುತ್ತಿದ್ದವರು ಗಂಡಸರೇ. ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅಂಥ ಭವಾಯಿಯ ಶೈಲಿಯನ್ನು ದೀನಾ ಕೈಗೆತ್ತಿಕೊಂಡರು.

ಭವಾಯಿ ಕಲಾವಿದರಿಗೆ ಬೇಕಾದ ಸಾಮರ್ಥ್ಯವೇ ಬೇರೆ. ಹಾಡಬೇಕು, ಕುಣಿಯಬೇಕು, ಪ್ರೇಕ್ಷಕರೊಂದಿಗೆ ನೇರವಾಗಿ ಮಾತಾಡಬೇಕು. ಒಂದು ವೇಷದಿಂದ ಇನ್ನೊಂದಕ್ಕೆ ಕ್ಷಣದಲ್ಲಿ ಸರಿಯಬೇಕು. ಒಳಗೆ ಬಂದ ಕೂಡಲೇ ತಾನು ಯಾರೆಂಬುದನ್ನು ನಡಿಗೆಯಿಂದ, ನಿಲುವಿನಿಂದ ತಿಳಿಸಿಬಿಡಬೇಕು, ವಿವರಿಸುತ್ತ ಕೂರಲು ಸಮಯವಿಲ್ಲ. ಪೋಷಕ ನಟಿಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ‘ಗೋಲ್‌ಮಾಲ್’ ಚಿತ್ರದ ಸಿರಿವಂತ ಮಹಿಳೆ ಕಣ್ಣೆದುರೇ ಬಡ ತಾಯಿಯಾಗಿ ಬದಲಾಗುವಾಗ ಕಾಣುವುದು ಇದೇ ಪಳಗಿದ ವಿದ್ಯೆ.

‘ಮೇನಾ ಗುರ್ಜರಿ’

ಸ್ವಾತಂತ್ರ್ಯಾನಂತರ ಅಹಮದಾಬಾದಿನ ನಟಮಂಡಲ ತಂಡ ಗುಜರಾತಿ ರಂಗಭೂಮಿಗೆ ಹೊಸ ಜೀವ ತಂದಿತು. ಅದರಲ್ಲಿ ದೀನಾ ಅವರೊಂದಿಗೆ ದುಡಿದ ಇಬ್ಬರು ಹಿರಿಯರನ್ನು ಇಲ್ಲಿ ನೆನೆಯಬೇಕು.

ಒಬ್ಬರು ರಸಿಕಲಾಲ್ ಪರೀಖ್. ಸಂಸ್ಕೃತ ವಿದ್ವಾಂಸರು, ನಾಟಕಕಾರರು. ಜೈನ ಸಾಹಿತ್ಯದ ಅಭ್ಯಾಸಿಗಳಿಗೆ ಇವರ ಹೆಸರು ಬೇರೊಂದು ಕಾರಣಕ್ಕೆ ಪರಿಚಿತ. ಆಚಾರ್ಯ ಹೇಮಚಂದ್ರರ ‘ಕಾವ್ಯಾನುಶಾಸನ’ವನ್ನು ಸಂಪಾದಿಸಿದವರು ಇವರು. ಆ ಸಂಪಾದನೆಯನ್ನು ಮುಂಬೈಯ ಶ್ರೀ ಮಹಾವೀರ ಜೈನ ವಿದ್ಯಾಲಯ 1938ರಲ್ಲಿ ಪ್ರಕಟಿಸಿತು. ಗುಜರಾತಿನ ಇತಿಹಾಸವನ್ನು ಕುರಿತ ದೀರ್ಘ ಪೀಠಿಕೆ ಅದರೊಂದಿಗಿದೆ.

ಇನ್ನೊಬ್ಬರು ಜಯಶಂಕರ ಭೋಜಕ್. ಗುಜರಾತಿ ವೃತ್ತಿ ರಂಗಭೂಮಿಯಲ್ಲಿ ದಶಕಗಳ ಕಾಲ ಸ್ತ್ರೀಪಾತ್ರ ಮಾಡಿದ ಮೇರು ನಟ. ಬಾಲಕನಾಗಿದ್ದಾಗ ‘ಸೌಭಾಗ್ಯ ಸುಂದರಿ’ ನಾಟಕದ ಸುಂದರಿಯ ಪಾತ್ರ ಮಾಡಿದ ಮೇಲೆ ‘ಸುಂದರಿ’ ಎಂಬುದೇ ಅವರ ಹೆಸರಿಗೆ ಅಂಟಿಕೊಂಡಿತು. ಅವರು ರಂಗದ ಮೇಲೆ ಸೀರೆ ಉಡುತ್ತಿದ್ದ ರೀತಿಯನ್ನು ಮುಂಬೈಯ ಕುಲೀನ ಮನೆಗಳ ಹೆಂಗಸರು ನೋಡಿ ಅನುಕರಿಸುತ್ತಿದ್ದರಂತೆ. 1932ರಲ್ಲಿ ವೃತ್ತಿ ರಂಗಭೂಮಿಯಿಂದ ನಿವೃತ್ತರಾಗಿ ಊರಿಗೆ ಮರಳಿದ್ದ ಅವರು ಮುಂದೆ ನಟಮಂಡಲದ ನಾಟಕಗಳ ನಿರ್ದೇಶನಕ್ಕೆ ಬಂದರು.

ಈ ಮೂವರೂ ಕೂಡಿದಾಗ ಮೂಡಿದ ಕೃತಿ ‘ಮೇನಾ ಗುರ್ಜರಿ’. ಪರೀಖ್ ಅವರು ಜನಪದ ಕಥೆಯೊಂದನ್ನು ಭವಾಯಿಯ ಧಾಟಿಯಲ್ಲಿ ನಾಟಕವಾಗಿಸಿದರು. ಗುರ್ಜರ ಸಮುದಾಯದ ಮೇನಾ ಬಾದಶಹನ ಪಾಳೆಯವನ್ನು ನೋಡುವ ಕುತೂಹಲದಿಂದ ಹೋಗಿ ಅಲ್ಲಿ ಸೆರೆಯಾಗುತ್ತಾಳೆ. ಆಮಿಷಕ್ಕೂ ಬೆದರಿಕೆಗೂ ಬಗ್ಗುವುದಿಲ್ಲ. ಬಿಡುಗಡೆಯಾಗಿ ಮನೆಗೆ ಬಂದರೆ ಅಲ್ಲಿ ಸಂಶಯ, ಚುಚ್ಚುಮಾತು ಕಾದಿರುತ್ತವೆ. ಬಲಿಷ್ಠ ಶತ್ರುವನ್ನು ಎದುರಿಸಿ ಗೆದ್ದ ಹೆಣ್ಣು ತನ್ನವರ ಸಂಶಯದ ಎದುರು ಏನು ಮಾಡಬೇಕು ಎಂಬುದು ಕಥೆಯ ತಿರುಳು.

ಮೇನಾಳ ಪಾತ್ರ ದೀನಾ ಅವರದು. ಹಿಂದೆ ಗಂಡಸರು ಕಟ್ಟುತ್ತಿದ್ದ ವೇಷವನ್ನು ಈಗ ಹೆಣ್ಣೇ ಕಟ್ಟಿದಳು. ಕಲಿಸಿದವರಲ್ಲಿ ಒಬ್ಬರು ಜೀವಮಾನವೆಲ್ಲ ಸ್ತ್ರೀವೇಷ ಹಾಕಿದ ಗಂಡಸು. ಗುಜರಾತಿ ರಂಗಭೂಮಿಯ ಹಳೆಯ ಯುಗ ಹೊಸ ಯುಗಕ್ಕೆ ತನ್ನ ಕೈಯಾರೆ ದೀಪ ದಾಟಿಸಿದ ಗಳಿಗೆಯದು. ನಾಟಕಕ್ಕೆ ಜನ ಮುಗಿಬಿದ್ದರು. 1957ರಲ್ಲಿ ರಾಷ್ಟ್ರಪತಿ ಭವನದಲ್ಲಿ ಡಾ. ರಾಜೇಂದ್ರ ಪ್ರಸಾದ್ ಅವರ ಸಮ್ಮುಖದಲ್ಲಿ ಇದರ ಪ್ರಯೋಗ ನಡೆಯಿತು. ಹಳ್ಳಿಯ ಬಯಲಿನ ಆಟಕ್ಕೆ ದೇಶದ ಅತ್ಯುನ್ನತ ಅಂಗಳದಲ್ಲಿ ಮನ್ನಣೆ ದೊರೆಯಿತು.

ಅಕ್ಕ ಶಾಂತಾ ಗಾಂಧಿ ಅವರು ಮುಂದೆ 1968ರಲ್ಲಿ ರಾಷ್ಟ್ರೀಯ ನಾಟಕ ಶಾಲೆಗಾಗಿ ‘ಜಸ್ಮಾ ಓಡನ್’ ನಾಟಕವನ್ನು ಇದೇ ಭವಾಯಿ ಶೈಲಿಯಲ್ಲಿ ಆಡಿಸಿದರು. ಆಧುನಿಕ ಭಾರತೀಯ ರಂಗಭೂಮಿಯಲ್ಲಿ ಭವಾಯಿಗೆ ಸ್ಥಾನ ದೊರಕಿಸಿದ ಎರಡು ಮುಖ್ಯ ನಾಟಕಗಳು ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳಿಂದ ಬಂದವು.

ನಲವತ್ತನಾಲ್ಕರಲ್ಲಿ ಎರಡನೆಯ ಆರಂಭ

1948ರಲ್ಲಿಯೇ ದೀನಾ ‘ಕರಿಯಾವರ್’ ಎಂಬ ಗುಜರಾತಿ ಚಿತ್ರದಲ್ಲಿ ನಟಿಸಿದ್ದರು. ಆದರೆ ಒಂದೇ ಚಿತ್ರದ ನಂತರ ನಾಟಕಕ್ಕೆ ಮರಳಿಬಿಟ್ಟರು. ಚಿತ್ರರಂಗದ ನಾಯಕಿಯರು ಮೇಲೇರುವ ವಯಸ್ಸಿನಲ್ಲಿ ಅವರು ಅಲ್ಲಿರಲಿಲ್ಲ. ಮತ್ತೆ ಕ್ಯಾಮೆರಾದ ಎದುರು ನಿಂತದ್ದು ಬಸು ಭಟ್ಟಾಚಾರ್ಯ ಅವರ ‘ಉಸ್ಕಿ ಕಹಾನಿ’ (1966) ಚಿತ್ರದಲ್ಲಿ. ಆಗ ಅವರಿಗೆ 44 ವರ್ಷ. ಆ ಪಾತ್ರಕ್ಕೆ ಬಂಗಾಳದ ಚಲನಚಿತ್ರ ಪತ್ರಕರ್ತರ ಸಂಘದ ಪ್ರಶಸ್ತಿ ಬಂದಿತು.

ಅಷ್ಟು ಹೊತ್ತಿಗೆ ಅವರು ಬಲದೇವ್ ಪಾಠಕ್ ಅವರನ್ನು ಮದುವೆಯಾಗಿ ಇಬ್ಬರು ಹೆಣ್ಣುಮಕ್ಕಳ ತಾಯಿಯಾಗಿದ್ದರು. ಪಾಠಕ್ ಅವರಿಗೆ ಮುಂಬೈಯ ಗೇಟ್‌ವೇ ಆಫ್ ಇಂಡಿಯಾ ಬಳಿ ಹೊಲಿಗೆ ಅಂಗಡಿಯಿತ್ತು. ದಿಲೀಪ್ ಕುಮಾರ್, ರಾಜೇಶ್ ಖನ್ನಾ ಅವರಂಥ ತಾರೆಯರಿಗೆ ಅವರು ಉಡುಪು ಸಿದ್ಧಪಡಿಸುತ್ತಿದ್ದರು. ಕಾಲ ಬದಲಾದಂತೆ ವ್ಯಾಪಾರ ಇಳಿಮುಖವಾಗಿ ಅಂಗಡಿ ಮುಚ್ಚಿತು.

ರಂಗದ ಮೇಲೆ ನಾಯಕಿಯಾಗಿದ್ದವರಿಗೆ ಸಿನಿಮಾ ಕೊಟ್ಟದ್ದು ಪಕ್ಕದ ಪಾತ್ರಗಳನ್ನು. 1969ರಲ್ಲಿ ‘ಸತ್ಯಕಾಮ್’, ಅಮಿತಾಭ್ ಬಚ್ಚನ್ ಅವರ ಮೊದಲ ಚಿತ್ರವಾದ ‘ಸಾತ್ ಹಿಂದೂಸ್ತಾನಿ’, ಮರ್ಚೆಂಟ್-ಐವರಿ ಸಂಸ್ಥೆಯ ‘ದಿ ಗುರು’ ಚಿತ್ರಗಳಲ್ಲಿ ಅವರು ಕಾಣಿಸಿಕೊಂಡರು. ಎಪ್ಪತ್ತರ ದಶಕದಲ್ಲಿ ಹಿಂದಿಯಲ್ಲಿ ಹೊಸ ಅಲೆಯ ಮತ್ತು ಮಧ್ಯಮ ಮಾರ್ಗದ ಚಿತ್ರಗಳು ಬರತೊಡಗಿದಾಗ ಅಂಥ ನಿರ್ದೇಶಕರಿಗೆ ದೀನಾ ಅವರಂಥ ಪಳಗಿದ ರಂಗನಟರೇ ಬೇಕಾಯಿತು.

ಗುಲ್ಜಾರ್ ಅವರ ‘ಮೌಸಮ್’ನಲ್ಲಿ ಅವರು ವೇಶ್ಯಾಗೃಹದ ಒಡತಿ. ಮುಜಫ್ಫರ್ ಅಲಿ ಅವರ ‘ಉಮ್ರಾವ್ ಜಾನ್’ನಲ್ಲಿ ಕದ್ದು ತಂದ ಹುಡುಗಿಯನ್ನು ಸಾಕುವ ಹುಸೇನಿ. ಶ್ಯಾಮ್ ಬೆನೆಗಲ್ ಅವರ ‘ಭೂಮಿಕಾ’ದಲ್ಲಿ ಶ್ರೀಮಂತ ಜಮೀನುದಾರನ ತಾಯಿ. ಈ ಚಿತ್ರದ ಚಿತ್ರಕಥೆಯಲ್ಲಿ ನಮ್ಮ ಗಿರೀಶ್ ಕಾರ್ನಾಡರ ಪಾಲೂ ಇದೆ. ಕೇತನ್ ಮೆಹ್ತಾ ಅವರು ಭವಾಯಿ ಶೈಲಿಯನ್ನೇ ತೆರೆಗೆ ತಂದ ‘ಭವನಿ ಭವಾಯಿ’ (1980) ಚಿತ್ರದಲ್ಲಿಯೂ ದೀನಾ ಇದ್ದರು. ಅಸ್ಪೃಶ್ಯತೆಯ ವಿರುದ್ಧ ಮಾಡಿದ ಆ ಚಿತ್ರವನ್ನು ಅರ್ಪಿಸಿದವರಲ್ಲಿ ಅಸೈತ ಠಾಕರ್ ಕೂಡ ಒಬ್ಬ.

ಡೇವಿಡ್ ಲೀನ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಚಿತ್ರದಲ್ಲಿ ಅವರದು ಬೇಗಂ ಹಮೀದುಲ್ಲಾ ಪಾತ್ರ. ಆ ಚಿತ್ರದ ಹೆಚ್ಚಿನ ಚಿತ್ರೀಕರಣ ನಡೆದದ್ದು ಬೆಂಗಳೂರು ಮತ್ತು ಸುತ್ತಲಿನ ಕಲ್ಲುಬೆಟ್ಟಗಳಲ್ಲಿ. ಸಾವನದುರ್ಗದ ಬಂಡೆಗಳೇ ಕಾದಂಬರಿಯ ಮರಬಾರ್ ಗುಹೆಗಳಾಗಿ ತೆರೆಯ ಮೇಲೆ ಮೂಡಿದವು.

ಮನೆಯ ಶಿಸ್ತು, ಮನೆಯ ನಗು

ಕುಟುಂಬವೆಲ್ಲ ಕೂಡಿ ನೋಡುವ ಚಿತ್ರಗಳಲ್ಲಿ ದೀನಾ ಅವರಿಗೆ ಹೆಚ್ಚು ಹೆಸರು ತಂದದ್ದು ‘ಖೂಬ್‌ಸೂರತ್’ (1980). ಇದರ ನಿರ್ದೇಶಕರೂ ಹೃಷಿಕೇಶ್ ಮುಖರ್ಜಿ ಅವರೇ. ಗುಪ್ತಾ ಮನೆಯ ಯಜಮಾನಿ ನಿರ್ಮಲಾ ಎಲ್ಲದಕ್ಕೂ ನಿಯಮ ಇಟ್ಟವರು. ಊಟಕ್ಕೊಂದು ವೇಳೆ, ಮಾತಿಗೊಂದು ಮಿತಿ. ಸೊಸೆಯ ತಂಗಿ ಮಂಜು, ಅಂದರೆ ರೇಖಾ, ಈ ಮನೆಗೆ ಬಂದ ಮೇಲೆ ಮನೆಮಂದಿ ನಗಲು ಕಲಿಯುತ್ತಾರೆ. ಒಂದು ದಿನ ಎಲ್ಲರೂ ಸೇರಿ ಗುಟ್ಟಾಗಿ ನಾಟಕ ಆಡುತ್ತಾರೆ. ಅದು ನಿರ್ಮಲಾ ಅವರ ಆಳ್ವಿಕೆಯನ್ನೇ ಗೇಲಿ ಮಾಡುವ ನಾಟಕ. ನಿರ್ಮಲಾ ಅದನ್ನು ಕಂಡುಬಿಡುತ್ತಾರೆ.

ಸಾಮಾನ್ಯ ಚಿತ್ರವಾಗಿದ್ದರೆ ಅಲ್ಲಿ ಕಠಿಣ ಅತ್ತೆ ಸೋತಳೆಂದು ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಿದ್ದರು. ದೀನಾ ಅವರ ಮುಖ ನೋಡಿದಾಗ ಚಪ್ಪಾಳೆ ತಟ್ಟಲು ಕೈ ಏಳುವುದಿಲ್ಲ. ಇಷ್ಟು ವರ್ಷ ಮನೆಯನ್ನು ಹೊತ್ತು ನಡೆಸಿದವಳಿಗೆ ಮನೆಯವರೆಲ್ಲರೂ ತನ್ನಿಂದ ಬಿಡುಗಡೆ ಬಯಸುತ್ತಿದ್ದಾರೆಂದು ಗೊತ್ತಾಗುವ ಕ್ಷಣವದು. ಶಿಸ್ತಿನ ಹಿಂದೆ ಪ್ರೀತಿಯಿತ್ತು, ಅದನ್ನು ತೋರಿಸುವ ಬಗೆ ಮಾತ್ರ ಆಕೆಗೆ ತಿಳಿದಿರಲಿಲ್ಲ ಎಂಬುದು ಒಂದೂ ಮಾತಿಲ್ಲದೆ ಅರ್ಥವಾಗುತ್ತದೆ. ಅವರು ಆ ಪಾತ್ರವನ್ನು ಬರೀ ಖಳಸ್ತ್ರೀಯಾಗಿಸಿದ್ದರೆ ಚಿತ್ರದ ಅರ್ಧ ಸತ್ವ ಹೋಗುತ್ತಿತ್ತು. ಹಿರಿಯರಿಗೂ ಕಿರಿಯರಿಗೂ ನ್ಯಾಯ ಸಿಗುವಂತೆ ಮಾಡಿದ್ದು ಪೋಷಕ ನಟಿಯ ಸಂಯಮ.

1984ರಲ್ಲಿ ಬಂದ ಸಯೀದ್ ಮಿರ್ಜಾ ಅವರ ‘ಮೋಹನ್ ಜೋಶಿ ಹಾಜಿರ್ ಹೋ’ ಚಿತ್ರದಲ್ಲಿ ಅವರು ಬೇರೆಯೇ ಬಗೆಯ ಗೃಹಿಣಿ. ಮುಂಬೈಯ ಶಿಥಿಲವಾದ ವಠಾರದ ವೃದ್ಧ ದಂಪತಿ ಕಟ್ಟಡ ರಿಪೇರಿ ಮಾಡಿಸಲು ಮಾಲೀಕನ ಮೇಲೆ ದಾವೆ ಹೂಡುತ್ತಾರೆ. ವಕೀಲರು ಹಣ ಹೀರುತ್ತಾರೆ, ತಾರೀಖಿನ ಮೇಲೆ ತಾರೀಖು ಬೀಳುತ್ತದೆ. ಮುದುಕನ ಪಾತ್ರ ಮಾಡಿದವರು ಹಿಂದಿಯ ಪ್ರಸಿದ್ಧ ಸಾಹಿತಿ ಭೀಷ್ಮ ಸಾಹ್ನಿ, ಅವರ ಮಡದಿಯಾಗಿ ದೀನಾ. ಇಬ್ಬರೂ ಇಪ್ಟಾ ಗರಡಿಯವರು. ನಾಲ್ಕು ವರ್ಷಗಳ ಬಳಿಕ ಈ ಜೋಡಿ ಮತ್ತೆ ಒಂದಾಯಿತು. ಈ ಸಲ ಕಿರುತೆರೆಯಲ್ಲಿ.

‘ತಮಸ್’: ದೇಶವೇ ಕಂಡ ವೃದ್ಧ ದಂಪತಿ

1988ರ ಆರಂಭದಲ್ಲಿ ದೂರದರ್ಶನದಲ್ಲಿ ‘ತಮಸ್’ ಪ್ರಸಾರವಾಯಿತು. ಆಗ ದೇಶಕ್ಕೆಲ್ಲ ಇದ್ದದ್ದು ದೂರದರ್ಶನ ಒಂದೇ. ಟಿವಿ ಇದ್ದ ಮನೆಯಲ್ಲಿ ನೆರೆಹೊರೆಯವರೆಲ್ಲ ಸೇರುತ್ತಿದ್ದ ಕಾಲ. ಭೀಷ್ಮ ಸಾಹ್ನಿ ಅವರ, ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿಯನ್ನು ಗೋವಿಂದ ನಿಹಲಾನಿ ತೆರೆಗೆ ತಂದಿದ್ದರು. ದೇಶ ವಿಭಜನೆಗೆ ಮುಂಚಿನ ಪಂಜಾಬಿನ ಕೋಮುಗಲಭೆ ಅದರ ವಸ್ತು.

ಪ್ರಸಾರ ನಿಲ್ಲಿಸಬೇಕೆಂದು ನ್ಯಾಯಾಲಯಕ್ಕೆ ಅರ್ಜಿ ಹೋಯಿತು. ಬಾಂಬೆ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಚಿತ್ರವನ್ನು ಪೂರ್ತಿ ನೋಡಿ ಪ್ರಸಾರಕ್ಕೆ ಅನುವು ಮಾಡಿಕೊಟ್ಟರು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಅಲ್ಲಿಯೂ ಪ್ರಸಾರದ ಪರವಾಗಿಯೇ ತೀರ್ಪು ಬಂದಿತು. ದ್ವೇಷದ ಪರಿಣಾಮವನ್ನು ತೋರಿಸುವುದು ದ್ವೇಷವನ್ನು ಹಬ್ಬಿಸಿದಂತಲ್ಲ ಎಂಬುದು ಆ ತೀರ್ಪುಗಳ ಸಾರ.

ಈ ಕಥೆಯಲ್ಲಿ ಹರನಾಮ್ ಸಿಂಗ್ ಮತ್ತು ಬಂತೋ ಎಂಬ ವೃದ್ಧ ಸಿಖ್ ದಂಪತಿಯ ಪ್ರಸಂಗ ಬರುತ್ತದೆ. ಹರನಾಮ್ ಸಿಂಗ್ ಆಗಿ ಕಾದಂಬರಿಕಾರ ಸಾಹ್ನಿ ಅವರೇ ನಟಿಸಿದರು, ಬಂತೋ ಆಗಿ ದೀನಾ. ಮುಸ್ಲಿಮರೇ ಹೆಚ್ಚಿದ್ದ ಹಳ್ಳಿಯಲ್ಲಿ ಇವರದು ಒಂದು ಚಹಾ ಅಂಗಡಿ. ಗಲಭೆಕೋರರು ಬರುತ್ತಿದ್ದಾರೆಂಬ ಸುದ್ದಿ ಸಿಕ್ಕಿದ ಕೂಡಲೇ ಇಬ್ಬರೂ ಉಟ್ಟ ಬಟ್ಟೆಯಲ್ಲಿ ಅಂಗಡಿ ಬಿಟ್ಟು ಕತ್ತಲಲ್ಲಿ ಹೊರಡುತ್ತಾರೆ. ಹಿಂತಿರುಗಿ ನೋಡಿದರೆ ಅಂಗಡಿಗೆ ಬೆಂಕಿ ಬಿದ್ದಿದೆ. ರಾತ್ರಿಯೆಲ್ಲ ನಡೆದು ಅಪರಿಚಿತ ಊರಿನ ಒಂದು ಬಾಗಿಲು ತಟ್ಟುತ್ತಾರೆ. ಅದು ಮುಸ್ಲಿಂ ಕುಟುಂಬದ ಮನೆ. ಮನೆಯ ಗಂಡಸರು ಲೂಟಿಗೆ ಹೋಗಿದ್ದಾರೆ. ಬಾಗಿಲು ತೆರೆದ ರಾಜೋ ಎಂಬಾಕೆ, ಅಂದರೆ ಸುರೇಖಾ ಸಿಕ್ರಿ, ಅವರನ್ನು ಒಳಗೆ ಕರೆದುಕೊಳ್ಳುತ್ತಾಳೆ. ಮನೆಯ ಯಜಮಾನ ಹೊತ್ತು ತಂದ ಲೂಟಿಯ ಪೆಟ್ಟಿಗೆ ನೋಡಿದರೆ ಅದು ಈ ದಂಪತಿಯದೇ.

ಇಂಥ ಸನ್ನಿವೇಶದಲ್ಲಿ ಅತ್ತು ಕರೆದು ನಟಿಸುವುದು ಸುಲಭ. 65 ವರ್ಷದ ದೀನಾ ಅದರ ಗೋಜಿಗೆ ಹೋಗಲಿಲ್ಲ. ಮನೆ ಕಳೆದುಕೊಂಡ ಹೆಂಗಸು ಗಂಡನ ಹಿಂದೆ ಹೇಗೆ ನಡೆಯುತ್ತಾಳೆ, ಅಪರಿಚಿತರ ಮನೆಯಲ್ಲಿ ಎಲ್ಲಿ ಕೂರಬೇಕೆಂದು ತೋಚದೆ ಹೇಗೆ ಮುದುಡಿಕೊಳ್ಳುತ್ತಾಳೆ, ದೂರದಲ್ಲಿರುವ ಮಕ್ಕಳ ಚಿಂತೆ ಆ ಮುಖದಲ್ಲಿ ಹೇಗೆ ಹಾದುಹೋಗುತ್ತದೆ ಎಂಬುದನ್ನಷ್ಟೇ ತೋರಿಸಿದರು. ನೋಡುವವರಿಗೆ ಬಂತೋ ತಮ್ಮ ಮನೆಯ ಅಜ್ಜಿಯೇ ಆದಳು. ಆಶ್ರಯ ಕೊಟ್ಟ ರಾಜೋಳ ದೊಡ್ಡತನ ನೋಡುಗರಿಗೆ ನಾಟಬೇಕಾದರೆ ಆಶ್ರಯ ಬೇಡಿದವರ ಅಸಹಾಯಕತೆ ಮೊದಲು ನಿಜವೆನಿಸಬೇಕು. ಪೋಷಕ ಪಾತ್ರ ಎಂಬ ಮಾತಿನ ನಿಜವಾದ ಅರ್ಥ ಇಲ್ಲಿ ಕಾಣುತ್ತದೆ. ಆಕೆ ತಾನು ಹಿಂದೆ ನಿಂತು ಎದುರಿನ ಪಾತ್ರವನ್ನು ಪೋಷಿಸಿದರು.

ಅನ್ಯರ ಮಗಳನ್ನು ತನ್ನವಳೆಂದು ಕಾಪಾಡಿದ ಅಸೈತನ ಪರಂಪರೆಯ ಕಲಾವಿದೆಗೆ ಈ ಪ್ರಸಂಗ ಒದಗಿಬಂದದ್ದು ಹೊಂದಿಕೆಯಾಗಿಯೇ ಇದೆ.

ತಾಯಿ, ಮಕ್ಕಳು, ಸಂಘಟನೆ

ದೀನಾ ಅವರ ಹೆಣ್ಣುಮಕ್ಕಳಾದ ರತ್ನಾ ಪಾಠಕ್ ಶಾ ಮತ್ತು ಸುಪ್ರಿಯಾ ಪಾಠಕ್ ಇಂದು ದೇಶದ ಮುಂಚೂಣಿಯ ಕಲಾವಿದೆಯರು. ರತ್ನಾ ಅವರ ಪತಿ ನಾಸೀರುದ್ದೀನ್ ಶಾ, ಸುಪ್ರಿಯಾ ಅವರ ಪತಿ ಪಂಕಜ್ ಕಪೂರ್, ಇಬ್ಬರೂ ರಾಷ್ಟ್ರೀಯ ನಾಟಕ ಶಾಲೆಯಿಂದ ಬಂದ ನಟರು. ದೀನಾ ‘ಮೇನಾ ಗುರ್ಜರಿ’ಯನ್ನು ಮತ್ತೆ ರಂಗಕ್ಕೆ ತಂದಾಗ ಸುಪ್ರಿಯಾ ತಾಯಿಯ ನಿರ್ದೇಶನದಲ್ಲಿಯೇ ಅಭಿನಯಕ್ಕೆ ಕಾಲಿಟ್ಟರು. ಕೇತನ್ ಮೆಹ್ತಾ ಅವರ ‘ಮಿರ್ಚ್ ಮಸಾಲಾ’ (1987) ಚಿತ್ರದಲ್ಲಿ ತಾಯಿ ಮತ್ತು ಇಬ್ಬರು ಮಕ್ಕಳು ಒಟ್ಟಿಗೆ ಇದ್ದಾರೆ. ಅಧಿಕಾರಿಯ ದಬ್ಬಾಳಿಕೆಗೆ ಒಬ್ಬ ಹೆಣ್ಣನ್ನು ಒಪ್ಪಿಸಲು ಊರೇ ಸಿದ್ಧವಾದಾಗ ಮೆಣಸಿನಕಾಯಿ ಕಾರ್ಖಾನೆಯ ಹೆಂಗಸರು ಖಾರದ ಪುಡಿಯನ್ನೇ ಆಯುಧವಾಗಿ ಹಿಡಿಯುವ ಕಥೆ ಅದು.

ತೆರೆಯ ಹೊರಗೂ ದೀನಾ ಹೆಣ್ಣುಮಕ್ಕಳ ಪರವಾಗಿ ದುಡಿದರು. ಭಾರತೀಯ ಮಹಿಳಾ ರಾಷ್ಟ್ರೀಯ ಒಕ್ಕೂಟದ ಅಧ್ಯಕ್ಷರಾಗಿದ್ದರು. ರಂಗಭೂಮಿಯ ಸೇವೆಗಾಗಿ 1980ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂದಿತು. ‘ಗೋಲ್‌ಮಾಲ್’, ‘ಖೂಬ್‌ಸೂರತ್’ ಚಿತ್ರಗಳಿಂದ ದೇಶವೆಲ್ಲ ಅವರನ್ನು ಸಿನಿಮಾ ನಟಿಯೆಂದು ಗುರುತಿಸತೊಡಗಿದ ಹೊತ್ತಿನಲ್ಲಿಯೇ ಅವರ ಬೇರು ನಾಟಕದಲ್ಲಿದೆಯೆಂದು ಆ ಪ್ರಶಸ್ತಿ ನೆನಪಿಸಿತು.

ಕೊನೆಯ ವರ್ಷ

ಎಂಬತ್ತರ ಹೊಸ್ತಿಲಲ್ಲೂ ದೀನಾ ಅಭಿನಯ ಬಿಡಲಿಲ್ಲ. ದೀಪಾ ಮೆಹ್ತಾ ಅವರ ‘ಬಾಲಿವುಡ್ ಹಾಲಿವುಡ್’ (2002) ಚಿತ್ರದಲ್ಲಿ ಕೆನಡಾದ ಭಾರತೀಯ ಕುಟುಂಬದ ಅಜ್ಜಿಯಾಗಿ, ಮಾತುಮಾತಿಗೆ ಶೇಕ್ಸ್‌ಪಿಯರ್‌ನನ್ನು ಎಳೆದುತಂದು ನಗಿಸಿದರು. ವಿಭಜನೆಯ ಕಾಲದ ಕಥೆಯಿರುವ ‘ಪಿಂಜರ್’ ಅವರ ಕೊನೆಯ ಚಿತ್ರ. ಅದು 2003ರಲ್ಲಿ ತೆರೆಗೆ ಬಂದಾಗ ಅವರು ಇರಲಿಲ್ಲ.

2002ರ ಮೇ ತಿಂಗಳಲ್ಲಿ ಅಕ್ಕ ಶಾಂತಾ ಗಾಂಧಿ ತೀರಿಕೊಂಡರು. ಐದು ತಿಂಗಳ ಬಳಿಕ, ಅಕ್ಟೋಬರ್ 11ರಂದು, ದೀರ್ಘಕಾಲದ ಅನಾರೋಗ್ಯದ ನಂತರ ದೀನಾ ಪಾಠಕ್ ಮುಂಬೈಯಲ್ಲಿ ಕೊನೆಯುಸಿರೆಳೆದರು. ಅವರಿಗೆ 80 ವರ್ಷವಾಗಿತ್ತು.

ಆ ಹೊತ್ತಿಗೆ ಸುಪ್ರಿಯಾ ಅವರ ‘ಖಿಚಡಿ’ ಧಾರಾವಾಹಿ ಕಿರುತೆರೆಯಲ್ಲಿ ಆರಂಭವಾಗಿತ್ತು. ಎರಡು ವರ್ಷಗಳ ನಂತರ ರತ್ನಾ ಅವರ ‘ಸಾರಾಭಾಯಿ ವರ್ಸಸ್ ಸಾರಾಭಾಯಿ’ ಬಂದಿತು. ಎರಡರಲ್ಲೂ ಗುಜರಾತಿ ಮನೆಯ ನಗು ಇದೆ. ಒಳಗೆ ಬಂದ ಕ್ಷಣವೇ ಪಾತ್ರವನ್ನು ನಿಲ್ಲಿಸಿಬಿಡುವ ತಾಯಿಯ ವಿದ್ಯೆ ಆ ಇಬ್ಬರು ಮಕ್ಕಳ ಅಭಿನಯದಲ್ಲಿ ಮುಂದುವರಿದಿರುವುದನ್ನು ಗಮನಿಸಿದವರು ಕಾಣಬಲ್ಲರು.

ನಾಯಕಿಯಾಗಿ ಮೆರೆದವರು ಮುಂದೆ ಚಿಕ್ಕ ಪಾತ್ರಕ್ಕೆ ಒಪ್ಪುವುದು ಕಲಾಲೋಕದಲ್ಲಿ ಅಪರೂಪ. ದೀನಾ ಅವರಿಗೆ ಪಾತ್ರದ ಅಳತೆ ತೊಡಕಾಗಲಿಲ್ಲ. ರಾಷ್ಟ್ರಪತಿಗಳ ಎದುರು ಮೇನಾ ಆದಾಗ ಇದ್ದ ಶ್ರದ್ಧೆಯೇ ಕಿಟಕಿ ಹತ್ತಿ ಬರುವ ತಾಯಿಯಾದಾಗಲೂ ಕತ್ತಲಲ್ಲಿ ಬಾಗಿಲು ತಟ್ಟುವ ಬಂತೋ ಆದಾಗಲೂ ಇತ್ತು. ಆದ್ದರಿಂದಲೇ ಅವರ ಹೆಸರು ಗೊತ್ತಿಲ್ಲದವರಿಗೂ ಅವರ ಮುಖ ಇಂದಿಗೂ ನೆನಪಿದೆ.